ಹೊಲಿಗೆ ಬಿಚ್ಚಿ ಕಲಿತ ವ್ಯಾಕರಣ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬೈಯ ಕುರ್ಲಾದ ಚಾಳಿನ ಒಂದೇ ಖೋಲಿಯಲ್ಲಿ ಗಂಡ, ಅತ್ತೆ, ನಾನು ಮತ್ತು ನನ್ನ ಹೊಲಿಗೆ ಮಶಿನ್ನು. ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದ ನನಗೆ ಕನ್ನಡ ಟೀಚರ್ ಆಗುವ ಹುಚ್ಚು. ಅದಕ್ಕೊಂದು ಪರೀಕ್ಷೆ ಪಾಸಾಗಬೇಕಿತ್ತು. ಹಿಂದಿನ ವರ್ಷ ಬಾಯಿಪರೀಕ್ಷೆಯಲ್ಲಿ ನಾಲಿಗೆ ಕಟ್ಟಿ ಡುಮ್ಕಿ ಹೊಡೆದಿದ್ದೆ.

“ಈ ಸಲಾನೂ ಫೇಲಾದಿ ಅಂದ್ರ ನಿನ್ನ ಪುಸ್ತಕ ಎಲ್ಲಾ ರದ್ದಿಯವಗ ಕೊಡ್ತೀನಿ. ಸಾಕು ಈ ಹುಚ್ಚಾಟ!” ಎಂದರು ಅತ್ತೆ.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. “ಪಾಸಾಗೇ ತೋರಸ್ತೀನಿ, ನೋಡ್ತಿರ್ರಿ!” ಎಂದುಬಿಟ್ಟೆ.

ಅತ್ತೆಯ ಕೋಪಕ್ಕೆ ಬೇರೆ ಕಾರಣವೂ ಇತ್ತು. ನಮ್ಮ ಕಡೆಯ ಖಣದ ಕುಪ್ಪಸ ಹೊಲಿಯಲು ಮುಂಬೈ ಟೇಲರುಗಳಿಗೆ ಬರುತ್ತಿರಲಿಲ್ಲ. ಕಲಿಯೋಣವೆಂದು ಅವರ ಮೆಚ್ಚಿನ ಕುಪ್ಪಸದ ಹೊಲಿಗೆಯನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂತಿದ್ದೆ. ಆಗಲೇ ಅವರು ನಳದಿಂದ ನೀರು ತಂದರು. ಅಯ್ಯಯ್ಯೋ, ಆ ರಂಪ! ಚಾಳಿನವರೆಲ್ಲ ಬಾಗಿಲಿಗೆ ಬಂದರು. ಸಂಜೆಯೊಳಗೆ ಮತ್ತೆ ಹೊಲಿದುಕೊಟ್ಟೆ. ತೊಟ್ಟುಕೊಂಡರು, ಸಿಟ್ಟು ಮಾತ್ರ ಬಿಡಲಿಲ್ಲ.

ಪರೀಕ್ಷೆ ವಡಾಲದ ಒಂದು ಶಾಲೆಯಲ್ಲಿ. ‘ನೋಡೇಬಿಡ್ತೀನಿ’ ಎಂದು ಅತ್ತೆಯೂ ಬಂದು ಬಾಗಿಲಾಚೆ ಬೆಂಚಿನ ಮೇಲೆ ಕೂತರು.

“ವ್ಯಾಕರಣ ಅಂದರೇನಮ್ಮಾ?” ಎಂದರು ಪರೀಕ್ಷಕರು.

“ಶುದ್ಧವಾಗಿ ಮಾತಾಡಲು, ಬರೆಯಲು ಕಲಿಸುವ ಶಾಸ್ತ್ರ ಸರ್.”

“ಅದು ಉಪಯೋಗ. ಪದ ಹೇಗೆ ಬಂತು? ಅದರ ಅರ್ಥವೇನು?”

ಮತ್ತೆ ಹೋಯಿತು ಅಂದುಕೊಂಡೆ. ಹೇಗೋ ಬಾಯಿ ತೆರೆದೆ. “ಸಂಸ್ಕೃತದ್ದು ಸರ್. ವಿ, ಆ ಎರಡು ಉಪಸರ್ಗ. ಮುಂದೆ ‘ಮಾಡು’ ಎನ್ನುವ ಅರ್ಥದ ‘ಕೃ’ ಧಾತು. ಬಿಡಿಸಿ ತೋರಿಸುವುದು ಅಂತ ಅರ್ಥ.”

“ಬಿಡಿಸುವುದು ಅಂದರೆ ಕತ್ತರಿಸುವುದೇ?”

“ಅಲ್ರೀ ಸರ್!” ಪುಸ್ತಕದ ಭಾಷೆ ಹಾರಿಹೋಯಿತು. “ಕತ್ತರಿ ಹಾಕಿದ್ರ ಚಿಂದಿ ಆಗ್ತದ. ಕುಪ್ಪಸ ಹೆಂಗ ಮಾಡ್ಯಾರ ಅಂತ ತಿಳೀಬೇಕಂದ್ರ ಹೊಲಿಗಿ ಬಿಚ್ಚಬೇಕು. ಶಬ್ದಾನೂ ಹಂಗ. ‘ಮನೆಯಲ್ಲಿ’ ಅಂದ್ರ ‘ಮನೆ’ ಒಂದು ತುಂಡು, ‘ಅಲ್ಲಿ’ ಒಂದು ತುಂಡು, ನಡುವಿನ ‘ಯ’ ಹೊಲಿಗಿ. ಎಲ್ಲಿ ಕೂಡೇದೋ ಅಲ್ಲೇ ಬಿಚ್ಚಬೇಕು. ತಿರುಗಿ ಹೊಲಿಯಾಕ ಬರಬೇಕು!”

ಪರೀಕ್ಷಕರು ಕನ್ನಡಕ ತೆಗೆದು ಹೊಟ್ಟೆತುಂಬ ನಕ್ಕರು. “ಇನ್ನೇನು ಕೇಳಲಿ? ಪಾಸ್, ಹೋಗಿ ಬನ್ನಿ.”

ಖುಷಿಗೆ ಕಾಲು ನೆಲ ಮುಟ್ಟಲಿಲ್ಲ. ಹೊರಗೆ ಅತ್ತೆ ಎದ್ದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನಗಿಂತ ಮುಂದಾಗಿ ಸರಸರನೆ ಸ್ಟೇಷನ್ನಿಗೆ ನಡೆದರು. ಲೋಕಲ್ಲಿನ ಲೇಡೀಸ್ ಡಬ್ಬಿ ಕಿಕ್ಕಿರಿದಿತ್ತು. ಅತ್ತೆ ಹತ್ತಿದವರೇ ತಮ್ಮ ಅರೆಬರೆ ಹಿಂದಿಯಲ್ಲಿ ಗುಡುಗಿದರು:

“ಏ, ಸರ್ಕೋ, ಸರ್ಕೋ! ಹಮಾರಾ ಟೀಚರ್ ಬಾಯಿ ಬೈಠ್ತಾ ಹೈ!”

ಹೆಂಗಸರು ಸರಿದರು. ನಾನು ನಾಚಲಿಲ್ಲ, ಸೀರೆ ಹರಡಿಕೊಂಡು ಕೂತೆ. ಅತ್ತೆ ಕುರ್ಲಾದವರೆಗೂ ನಿಂತೇ ಬಂದರು.