ಅಮೆರಿಕದ ರೈಲು ಡಬ್ಬಿ, ನಮ್ಮ ಪೇಪರ್ ಗ್ಲಾಸು

"ಸರ್, ಚೀಟಿ ಬದಲಿ ಮಾಡಬ್ಯಾಡ್ರಿ. ಈ ವಾದ ನನಗ ಬಾಯಿಪಾಠ ಅದ."

ಹುಲಿಗೆಮ್ಮ ಹೀಗಂದಾಗ ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಏನಾಯ್ತು ಹೇಳ್ತೀನಿ ಕೇಳ್ರಿ. ನಾನು ರಾಯಚೂರಿನಲ್ಲಿ ವಕೀಲ, ವಾರಕ್ಕೆರಡು ದಿನ ಲಾ ಕಾಲೇಜಿನಲ್ಲಿ ಮೇಷ್ಟ್ರು. (ಕೋರ್ಟಿನಲ್ಲಿ ನನ್ನ ಮಾತು ಯಾರೂ ಪೂರ್ತಿ ಕೇಳೋದಿಲ್ಲ. ಕ್ಲಾಸಿನಲ್ಲಿ ಎದ್ದು ಹೋಗೋ ಹಾಗಿಲ್ಲ, ಅಟೆಂಡೆನ್ಸ್ ಇರ್ತದೆ.) ಹೋದ ತಿಂಗಳು ಮೂಟ್ ಕೋರ್ಟ್ ಇಟ್ಟಿದ್ದೆ. ಅಂದರೆ ಕಲಿಯೋದಕ್ಕೆ ಅಂತ ನಡೆಸೋ ಆಟದ ಕೋರ್ಟು. ವಿದ್ಯಾರ್ಥಿಗಳೇ ವಕೀಲರು, ನಾನು ಜಡ್ಜು. ಯಾರು ಯಾವ ಕಡೆ ಅನ್ನೋದು ಚೀಟಿ ಎತ್ತಿದ ಮೇಲೆ ತೀರ್ಮಾನ.

ಕೇಸು ಅಮೆರಿಕದ್ದು. ಹಳೇ ಕಾಲದ್ದು. ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಕಪ್ಪು ಅನಿಸಿಕೊಂಡ ಒಬ್ಬ ಮನುಷ್ಯ ಬೇಕಂತಲೇ ಬಿಳಿಯರ ರೈಲು ಡಬ್ಬಿಯಲ್ಲಿ ಹೋಗಿ ಕೂತ. ಕೈಯಲ್ಲಿ ಟಿಕೆಟ್ ಇತ್ತು. ಆದರೂ ಇಳಿ ಅಂದರು. ಇಳಿಯಲಿಲ್ಲ. ಹಿಡಿದು ಒಳಗೆ ಹಾಕಿದರು. ಕೇಸು ಅಲ್ಲಿನ ಸುಪ್ರೀಂ ಕೋರ್ಟಿನ ತನಕ ಹೋಯ್ತು. ಕೋರ್ಟು ಏನಂತು ಗೊತ್ತಾ? ಡಬ್ಬಿ ಬೇರೆ ಬೇರೆ ಇರಲಿ, ಎರಡೂ ಸಮಾನ ಇದ್ದರೆ ಸಾಕು! ಆ ಒಂದು ಮಾತು ಹಿಡಕೊಂಡು ಕಪ್ಪು ಜನರಿಗೆ ಶಾಲೆ ಬೇರೆ, ನಲ್ಲಿ ಬೇರೆ, ಬಸ್ಸಿನ ಸೀಟು ಬೇರೆ ಅಂತ ಐವತ್ತು ವರ್ಷಕ್ಕೂ ಮೀರಿ ನಡೀತು.

ಈ 'ಬೇರೆ ಇರಲಿ' ಅನ್ನೋ ಕಡೆಯ ಚೀಟಿ ಯಾರಿಗೆ ಬಂತು? ಹುಲಿಗೆಮ್ಮನಿಗೆ.

ಹುಲಿಗೆಮ್ಮ ದೇವದುರ್ಗ ತಾಲೂಕಿನ ಒಂದು ಹಳ್ಳಿಯ ದಲಿತ ಓಣಿಯವಳು. ಹೊಲಿಗೆ ಮಷೀನು ತುಳಿದು ಮಕ್ಕಳನ್ನು ಓದಿಸಿ, ಈಗ ನಲವತ್ತರ ಹತ್ತಿರ ತಾನೇ ಓದೋದಕ್ಕೆ ಕೂತವಳು. ಆಕೆಯ ಬಾಯಿಂದ ಈ ವಾದ ಮಾಡಿಸೋದೇ? ಬದಲಿ ಮಾಡ್ತೀನಮ್ಮ ಅಂದೆ. ಆಗ ಬಂದದ್ದೇ ಆ ಉತ್ತರ.

"ನಮ್ಮೂರ ಹೋಟೆಲಿನವ್ರು ದಿನಾ ಇದನ್ನ ಹೇಳ್ತಾರ್ರಿ" ಅಂದಳು. "ಒಳಗ ಬೆಂಚಿನ ಮ್ಯಾಲೆ ಕುಂತವ್ರಿಗೆ ಸ್ಟೀಲ್ ಗ್ಲಾಸು. ನಮ್ಮ ಓಣಿಯವ್ರಿಗೆ ಹೊರಗ, ನಿಂತು, ಪೇಪರ್ ಗ್ಲಾಸು. ಅರ್ಜಿ ಕೊಟ್ಟೀವಿ. ಸೋಮವಾರ ತಹಸೀಲ್ದಾರ್ ಸಾಹೇಬ್ರು ಎರಡೂ ಕಡೆಯವ್ರನ್ನ ಕರದಾರ. ಅಲ್ಲೂ ಅವ್ರು ಇದನ್ನ ಹೇಳ್ತಾರ. ಇದರಾಗ ತೂತು ಎಲ್ಲಿ ಅದ, ನನಗ ಸಿಗವಲ್ದು. ಯಾರಾರ ಹುಡುಕಿ ಕೊಡ್ರಿ. ಇಲ್ಲಂದ್ರ ಸೋಮವಾರ ನಾವು ಸೋಲತೀವಿ."

ಇಷ್ಟಂದು ವಾದಕ್ಕೆ ಎದ್ದು ನಿಂತಳು.

ಶುರು ಮಾಡಿದಳು ನೋಡ್ರಿ! ರೈಲು ಹಳಿ ಬಿಟ್ಟು ಸೀದಾ ದೇವದುರ್ಗಕ್ಕೆ ಬಂತು. "ಸ್ವಾಮಿ, ಚಹಾ ಒಂದೇ. ರೇಟು ಒಂದೇ. ಪೇಪರ್ ಗ್ಲಾಸು ಹೊಸಾದು, ಯಾರೂ ಬಾಯಿ ಹಚ್ಚಿದ್ದಲ್ಲ. ಹಂಗ ನೋಡಿದ್ರ ಅವ್ರಿಗೇ ಚಲೋದು ಕೊಟ್ಟೀವಿ. ಅಸ್ಪೃಶ್ಯತೆ ಎಲ್ಲದ ಇದರಾಗ? ಇದು ಕೀಳು ಅಂತ ಅವ್ರೇ ತಿಳಕೊಂಡ್ರ ಅದು ಅವ್ರ ತಲ್ಯಾಗಿನ ದೋಷ."

ಆ ಕೊನೆಯ ಮಾತಿದೆಯಲ್ಲ, ಅಮೆರಿಕದ ಆ ತೀರ್ಪಿನಲ್ಲೂ ಹೆಚ್ಚುಕಡಿಮೆ ಅದೇ ಇದೆ. ಕೀಳು ಅನಿಸಿದರೆ ಅದು ಕಪ್ಪು ಜನ ತಾವೇ ಕಲ್ಪಿಸಿಕೊಂಡದ್ದು ಅಂತ. ಅಷ್ಟು ದೊಡ್ಡ ಜಡ್ಜುಗಳು ಯೋಚಿಸಿ ಬರೆದ ಮಾತನ್ನು ನಮ್ಮ ಹೋಟೆಲಿನವನು ಚಹಾ ಸೋಸುತ್ತಾ ಹೇಳ್ತಾನಲ್ಲ, ಇದಕ್ಕೇನಂತೀರಿ?

ಎದುರಿನ ವಕೀಲ ಗುರುರಾಜ. ಮಾನ್ವಿಯವನು, ಅರ್ಚಕರ ಮಗ. ಒಳ್ಳೆ ಹುಡುಗ, ಆದರೆ ಓದೋದೆಲ್ಲ ವಾಟ್ಸಾಪಿಗೆ ಬಂದ ನೋಟ್ಸು. ಎದ್ದು ನಿಂತ. "ಸಮಾನತೆ ಅಂದರೆ... ಸಮಾನತೆ ಅಂದರೆ..." ಅಂತ ತಡವರಿಸಿದ. ಹುಲಿಗೆಮ್ಮ ಎಲ್ಲದಕ್ಕೂ ಉತ್ತರ ಕೊಟ್ಟಳು. ಪಾಪ, ತಾನೇ ಗೆಲ್ತಾ ಇದ್ದಾಳೆ, ಮುಖ ಸಣ್ಣದಾಗ್ತಾ ಇದೆ. ಯಾರಾದರೂ ನನ್ನನ್ನು ಸೋಲಿಸಿರಪ್ಪಾ ಅಂತ ನೋಡ್ತಾಳೆ.

ಜಡ್ಜ್ ಸಾಹೇಬರಿಗಾದರೂ ತೂತು ಸಿಕ್ಕಿತ್ತಾ? ಇಲ್ಲ.

ಗುರುರಾಜ ನೋಟ್ಸು ಮಡಚಿಟ್ಟ. "ಸರ್, ಒಂದು ಮಾತು. ನಮ್ಮ ಮನ್ಯಾಗ ಕೆಲಸಕ್ಕ ಬರೋ ಅಕ್ಕನ ಲೋಟ ಬ್ಯಾರೆ ಇರ್ತದ್ರಿ. ತೊಳದು, ಫಳಫಳ ಇರ್ತದ. ಸಣ್ಣವ ಇದ್ದಾಗ ನಾನು ಅದರಾಗ ನೀರು ಕುಡದೆ. ನಮ್ಮಜ್ಜಿ ಬೈದು ತಲೀ ಮ್ಯಾಲೆ ನೀರು ಹಾಕಿದ್ಲು." ಹುಲಿಗೆಮ್ಮನ ಕಡೆ ತಿರುಗಿದ. "ಅಕ್ಕಾರ, ಎರಡೂ ಒಂದೇ ಇದ್ದಿದ್ರ ನನಗ್ಯಾಕ ಬೈತಿದ್ಲು? ಒಂದೇ ಅಂದ್ರ ಅದಲಾಬದಲಿ ಮಾಡಾಕ ಬರಬೇಕಲ್ಲ?"

ಹುಲಿಗೆಮ್ಮ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಷ್ಟು ಚಂದ ನಕ್ಕು ಸೋತವರನ್ನು ನಾನು ಯಾವ ಕೋರ್ಟಿನಲ್ಲೂ ನೋಡಿಲ್ಲ.

ನಾನು ಜಡ್ಜಿನ ಕುರ್ಚಿ ಬಿಟ್ಟು ಎದ್ದು ನಿಂತೆ. ಯಾಕಂದರೆ ಆ ರೈಲು ಕೇಸಿನಲ್ಲಿ ಒಬ್ಬೇ ಒಬ್ಬ ಜಡ್ಜು ಉಳಿದವರ ತೀರ್ಪನ್ನು ಒಪ್ಪದೆ ಬೇರೆ ಬರೆದಿದ್ದ. ಬಿಳಿಯರು ಕಪ್ಪು ಜನರ ಡಬ್ಬಿಗೆ ಹೋಗಬಾರದು ಅಂತ ಈ ಕಾನೂನು ಮಾಡಿದ್ದಲ್ಲ, ಮಾಡಿದ್ದು ಯಾರನ್ನು ದೂರ ಇಡೋದಕ್ಕೆ ಅಂತ ಎಲ್ಲರಿಗೂ ಗೊತ್ತು, ಇದು ಅವನ ಮಾತಿನ ಸಾರ. ಅವತ್ತು ಅವನ ಮಾತು ಸೋತಿತು. ಮುಂದೆ ಶಾಲೆಗಳ ಕೇಸು ಬಂದಾಗ ಎಲ್ಲ ಜಡ್ಜುಗಳೂ ಒಕ್ಕೊರಲಿನಿಂದ ಅಂದರು, ಬೇರೆ ಇಡೋದೇ ಅಸಮಾನತೆ ಅಂತ. ಅಷ್ಟು ವರ್ಷ ಆ ಒಂಟಿ ಮಾತು ಪುಸ್ತಕದಲ್ಲಿ ಕಾದಿತ್ತು. ಅದನ್ನು ಓದದ ಹುಡುಗನಿಗೆ ಅಜ್ಜಿಯ ಬೈಗುಳದಲ್ಲೇ ಅದು ಸಿಕ್ಕಿತಲ್ಲಪ್ಪ!

(ನಮ್ಮ ಮನೆಯ ಕಿಟಕಿಯಲ್ಲೂ ಅಂಥದೊಂದು ಲೋಟ ಇತ್ತು. ಬರೆಯೋದು ಬೇಡ ಅಂದುಕೊಂಡಿದ್ದೆ. ಬರೆದೆ.)

ಸೋಮವಾರ ಕೆಲಸ ಬಿಟ್ಟು ನಾನೂ ದೇವದುರ್ಗದ ಬಸ್ಸು ಹತ್ತಿದೆ. ತಹಸೀಲ್ದಾರರ ಮುಂದೆ ಹೋಟೆಲಿನವರು ಕೈ ಮುಗಿದು ಶುರು ಮಾಡಿದರು. ಚಹಾ ಒಂದೇ, ರೇಟು ಒಂದೇ, ಗ್ಲಾಸು ಹೊಸಾದು. ಕ್ಲಾಸಿನಲ್ಲಿ ಕೇಳಿದ್ದು, ಅದೇ ಸಾಲು, ಅದೇ ಕ್ರಮ!

ಹುಲಿಗೆಮ್ಮ ಕೇಳಿದ್ದು ಒಂದೇ. "ಅಣ್ಣಾರ, ಎರಡೂ ಒಂದೇ ಅಂದ್ರಲ್ಲ. ಹಂಗಾರ ನಾಳಿಯಿಂದ ಅದಲಾಬದಲಿ ಮಾಡ್ರಿ. ನಮಗ ಒಳಗ ಬೆಂಚು, ಸ್ಟೀಲ್ ಗ್ಲಾಸು. ಉಳದವ್ರಿಗೆ ಹೊರಗ, ಪೇಪರ್ ಗ್ಲಾಸು."

"ಏ, ಅದ್ಹೆಂಗ ಆಗ್ತದವ್ವಾ?" ಅವರ ಬಾಯಿಂದ ಜಾರಿಬಿಟ್ಟಿತು. "ನಮ್ಮ ಮಂದಿ ಹೊರಗ ನಿಂತು ಕುಡಿತಾರೇನು?"

ಅಂದವರು ಅಲ್ಲೇ ನಾಲಿಗೆ ಕಚ್ಚಿಕೊಂಡರು. ತಹಸೀಲ್ದಾರರು ಕನ್ನಡಕ ತೆಗೆದು ಅವರನ್ನೇ ನೋಡಿದರು. ಆಮೇಲೆ ಎಲ್ಲರಿಗೂ ಒಂದೇ ಗ್ಲಾಸು, ಒಂದೇ ಬೆಂಚು, ತಪ್ಪಿದರೆ ಕೇಸು ಅಂತ ಬರೆಸಿದರು.

ನನಗೆ ಮಾತ್ರ ಸಮಾಧಾನ ಇಲ್ಲ. ಎಲ್ಲರ ಜೊತೆ ಈಜೋದಕ್ಕಿಂತ ಈಜುಕೊಳವನ್ನೇ ಮುಚ್ಚಿದ ಊರುಗಳು ಅಮೆರಿಕದಲ್ಲಿದ್ದವು. ಈ ಮನುಷ್ಯ ಸಿಟ್ಟಿಗೆ ಹೋಟೆಲನ್ನೇ ಮುಚ್ಚಿದರೆ?

ಮರುದಿನ ಬೆಳಗ್ಗೆ ಹುಲಿಗೆಮ್ಮನ ಫೋನು ಬಂತು. ಹೋಟೆಲು ತೆರೆದಿದೆ. ಆಕೆ ತನ್ನ ಅಪ್ಪನನ್ನು ಕರಕೊಂಡು ಒಳಗೆ ಹೋಗಿದ್ದಾಳೆ. ಇಬ್ಬರೂ ಬೆಂಚಿನ ಮೇಲೆ ಕೂತಿದ್ದಾರೆ. ಸ್ಟೀಲ್ ಗ್ಲಾಸಿನಲ್ಲಿ ಚಹಾ ಬಂದಿದೆ. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

"ಹೆಂಗಿತ್ತವ್ವಾ ಚಹಾ?" ಅಂದೆ.

"ಏನೂ ರುಚಿ ಇಲ್ಲರಿ ಸರ್. ಇಂಥಾ ಚಹಾಕ್ಕ ನಮ್ಮನ್ನ ಇಷ್ಟು ವರ್ಷ ಹೊರಗ ನಿಂದ್ರಿಸಿದ್ರೇನು?"