ಸೆಟ್ಟಿಂಗ್ ಪೀಸ್

ಬಾಗಲಗುಂಟೆಯಲ್ಲಿ ನಮ್ಮ ಪಕ್ಕದ ಮನೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದರು. ಊಟಕ್ಕೆ ಕೂತಾಗಲೂ ಆ ಹುದ್ದೆಯಿಂದ ಇಳಿದವರಲ್ಲ. ಚಪಾತಿಯನ್ನು ಬೆಳಕಿಗೆ ಹಿಡಿದು, ಅಂಚು ದಪ್ಪವಿದ್ದರೆ "ರಿಜೆಕ್ಟ್" ಎಂದು ಪಕ್ಕಕ್ಕಿಡುತ್ತಿದ್ದರು. ಹೆಂಡತಿ ಇನ್ನೊಂದು ಬೇಯಿಸುತ್ತಿದ್ದರು.

ಆಕೆ ತವರಿಗೆ ಹೋದ ವಾರ ಈ ಮಹಾನುಭಾವರೇ ಒಲೆ ಹಚ್ಚಿದರು. ನನಗೂ ಉಪ್ಪಿಟ್ಟಿನ ಭಾಗ್ಯ ಸಿಕ್ಕಿತು. ಚಮಚ ಎತ್ತಿದರೆ ತಟ್ಟೆಯೂ ಜೊತೆಗೆ ಬಂತು. ಅವರ ಆತ್ಮವಿಶ್ವಾಸ ಮಾತ್ರ ಹದವಾಗಿ ಬೆಂದಿತ್ತು.

"ಇದು ಸೆಟ್ಟಿಂಗ್ ಪೀಸ್ ಕಣ್ರೀ. ಮಿಷಿನ್ ಸೆಟ್ ಮಾಡುವಾಗ ಮೊದಲ್ನೇ ಪೀಸ್ ಹಾಳಾಗುತ್ತೆ, ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ."

ವಾರವಿಡೀ ಸೆಟ್ಟಿಂಗೇ ನಡೆಯಿತು. ಹೆಂಡತಿಗೂ ಫೋನಿನಲ್ಲಿ ಇದನ್ನೇ ವಿವರಿಸಿದರು.

ಆಕೆ ಮರಳಿದ ದಿನ ನಾನೂ ಅಲ್ಲಿದ್ದೆ. ಚಪಾತಿ ಮತ್ತೆ ಬೆಳಕಿಗೇರಿತು. ಆಕೆ ಲಟ್ಟಿಸುವುದನ್ನು ನಿಲ್ಲಿಸಲೂ ಇಲ್ಲ.

"ಸೆಟ್ಟಿಂಗ್ ಪೀಸ್ ರೀ. ತಿನ್ನಿ."