ಆಳು, ಹಾಳು

೧೯೩೯ರಲ್ಲಿ ನಾನು ಹಾಸನದಲ್ಲಿ ಸರ್ಕಾರಿ ಶೀಘ್ರಲಿಪಿಕಾರ. ಜವಾಬ್ದಾರಿ ಸರ್ಕಾರ ಬೇಕೆಂದು ಊರೂರಲ್ಲಿ ಸಭೆ ನಡೆಯುತ್ತಿದ್ದ ಕಾಲ. ಭಾಷಣಗಳನ್ನು ಶಾರ್ಟ್‌ಹ್ಯಾಂಡಿನ ಗುರುತುಗಳಲ್ಲಿ ಇಳಿಸಿಕೊಂಡು, ಆಮೇಲೆ ಪೂರ್ತಿ ಕನ್ನಡದಲ್ಲಿ ಬಿಡಿಸಿ ಬರೆದು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಓದಿದವನೆಂಬ ಜಂಬ ಬೇರೆ. ಈ ಕಡೆಯವರು 'ಹೋಗು' ಎನ್ನಲು 'ಓಗು' ಎನ್ನುತ್ತಿದ್ದರು. ಅವರು ಬಿಟ್ಟ 'ಹ'ಕಾರವನ್ನೆಲ್ಲ ನಾನೇ ಸೇರಿಸಿ ತಿದ್ದುತ್ತಿದ್ದೆ.

ಹೊಳೆನರಸೀಪುರದ ಸಭೆಯಲ್ಲಿ ಕೊಣನೂರಿನ ತೆಂಗಿನಕಾಯಿ ವ್ಯಾಪಾರಿ ಸಿದ್ದಪ್ಪನವರು ಮಾತಾಡಿದರು. ಆಗಿನ ಭಾಷಣಕಾರರಿಗೆ ಇತಿಹಾಸದ ಹೋಲಿಕೆಯೆಂದರೆ ಪ್ರಾಣ. ಹಿಂದೆ ಅಲ್ಲಿ ಹೀಗಾಯಿತು ಎಂದುಬಿಟ್ಟರೆ ಸಾಕು, ಇಲ್ಲೂ ಆಗಲೇಬೇಕೆಂದು ಜನ ತಲೆದೂಗುತ್ತಿದ್ದರು. ಸಿದ್ದಪ್ಪನವರೂ ಹಾಗೇ ಶುರುಮಾಡಿದರು: "ಇಂಗ್ಲೆಂಡ್ನಾಗೆ ಒಬ್ಬ ದೊರೆ ಜನದ ಮಾತು ಕೇಳ್ನಿಲ್ಲ. ತಲೆ ಕಳ್ಕಂಡ ಕಣ್ರಪ್ಪಾ!"

ಚಪ್ಪಾಳೆಯೋ ಚಪ್ಪಾಳೆ! ಮುಂದಿನ ಮಾತು ನನಗೆ ಕೇಳಿಸಲಿಲ್ಲ. ಸದ್ದು ಇಳಿದಾಗ ಕಿವಿಗೆ ಬಿದ್ದದ್ದು ಇಷ್ಟು: "ನಮ್ ದೊರೆನೂ ಅಂಗೇ ಆಳಾಗ್ಲಿ!"

ತಲೆ ಹೋದ ದೊರೆಯ ಹಾಗೆ ಎಂದಮೇಲೆ ಇನ್ನೇನು? 'ಹಾಳಾಗಲಿ' ಎಂದು ತಿದ್ದಿ ಕಳಿಸಿದೆ. ನಡುವೆ ಒಂದು ಮಾತು ತಪ್ಪಿದೆ ಎಂದೂ ಬರೆಯಲಿಲ್ಲ. ರಾಜದ್ರೋಹದ ಕೇಸು ಬಿತ್ತು.

ಕೋರ್ಟಿನಲ್ಲಿ ಸಿದ್ದಪ್ಪನವರು ಕೈಮುಗಿದರು. "ಸಾ, ಆಮೇಲೆ ಬಂದ ದೊರೆಗೋಳು ಜನದ ಸೇವೆಗೆ ನಿಂತ್ರು, ಸಿಂಆಸನ ಉಳ್ಕಂತು ಅಂದೆ. ನಮ್ ದೊರೆನೂ ಅಂಗೇ ಜನಕ್ಕೆ ಆಳಾಗ್ಲಿ ಅಂದೆ. ಗೇಯೋ ಆಳು ಸಾ, ಆಳು!"

ಸರ್ಕಾರಿ ವಕೀಲರು, "ಎಲ್ಲಿ, ಹಾಳು ಅನ್ನು ನೋಡೋಣ" ಎಂದರು.

"ಆಳು."

ಕೋರ್ಟೆಲ್ಲ ನಕ್ಕಿತು. ಚಪ್ಪಾಳೆಯಲ್ಲಿ ಮುಳುಗಿದ್ದು ಆಮೇಲೆ ಬಂದ ದೊರೆಗಳ ಆ ಮಾತೇ ಎಂದು ಆ ಗಳಿಗೆಯಲ್ಲೇ ನನಗೆ ತಿಳಿದುಹೋಯಿತು.

ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿದರು: "ಇವನು ಅಂದದ್ದು ಹಾಳಾಗಲಿ ಅಂತಲೇ ತಾನೆ?"

ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. "ಹೌದು ಸ್ವಾಮಿ" ಎಂದೆ. ಥೂ, ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಅವರಿಗೆ ಒಂದು ವರ್ಷ ಸಜೆಯಾಯಿತು.

ಏಳನೆಯ ತಿಂಗಳಲ್ಲಿ ವಿಷಮಜ್ವರ ಬಂದು ಸಿದ್ದಪ್ಪನವರು ಜೈಲಿನಲ್ಲೇ ತೀರಿಕೊಂಡರು. ಸುದ್ದಿ ಕೇಳಿದವನೇ ಕೊಣನೂರಿಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಿಂತೇ ಎಲ್ಲವನ್ನೂ ಒಪ್ಪಿಕೊಂಡೆ.

ಅಲ್ಲಿಂದ ಮುಂದೆ ಸರ್ವಿಸಿನುದ್ದಕ್ಕೂ, ಕೇಳದ್ದನ್ನು 'ಕೇಳಿಸಲಿಲ್ಲ' ಎಂದೇ ಬರೆದೆ. ಹೋಲಿಕೆಯ ಅರ್ಧ ಕೇಳಿ ಉಳಿದರ್ಧ ಊಹಿಸುವವನು ಈ ಕೆಲಸಕ್ಕೆ ಲಾಯಕ್ಕಲ್ಲ; ಅಷ್ಟನ್ನು ಕಲಿತೆ. ಆದರೆ ಆ ತಾಯಿ ಅಂದು ಮೊರ ಕೆಳಗಿಟ್ಟು ಕೇಳಿದ್ದು ಅದನ್ನಲ್ಲ.

"ಕೋರ್ಟ್ನಾಗೆ ನಿಂತಿದ್ದಾಗ್ಲೇ ಗೊತ್ತಾಯ್ತು ಅಂತೀರಿ. ಅಲ್ಲೇ ಯಾಕ್ ಬಾಯ್ ಬಿಡ್ನಿಲ್ಲ ಸಾ?"